ಗೋಡೆಯೊಳಗಿನ ಪಸೆ

ಅಂಗೈ ಉದ್ದದ ಯಂತ್ರಹಲ್ಲಿಯೊಂದು ಫಕೀರವ್ವನ ಖಾನಾವಳಿಯ ಗೋಡೆಯ ಮೇಲೆ ನಿಧಾನವಾಗಿ ಹರಿದಾಡುತ್ತಿತ್ತು. ಅದರ ಹೊಟ್ಟೆಯಡಿಯ ಪಸೆಗಣ್ಣು ಗೋಡೆಯೊಳಕ್ಕೆ ಶ್ರವಣಾತೀತ ತರಂಗಗಳನ್ನು ಕಳಿಸಿ, ಮರಳಿ ಬಂದ ತರಂಗಗಳಿಂದ ಅಲ್ಲಿ ಎಷ್ಟು ನೀರು ಅಡಗಿದೆಯೆಂದು ಅಳೆಯುತ್ತಿತ್ತು. ಪಸೆ ಮಿತಿ ಮೀರಿದ ಕಡೆ ಹಲ್ಲಿಯೊಳಗಿನ ಸಣ್ಣ ಕೀಲು ಬಡಿದು 'ಲೊಚ್ ಲೊಚ್' ಎಂದು ಸದ್ದಾಗುತ್ತಿತ್ತು. ಧಾರವಾಡದ ಪ್ರಯೋಗಾಲಯದಲ್ಲಿ ಆರು ವರ್ಷ ಕೂತು ಇದನ್ನು ಕಟ್ಟಿದ ಡಾ. ನಾಗರತ್ನಾ ಹಾವನೂರರು ಆ ಸದ್ದಿನ ಬಗ್ಗೆ ಆರು ನಿಮಿಷವೂ ತಲೆ ಕೆಡಿಸಿಕೊಂಡಿರಲಿಲ್ಲ. ವಿಜ್ಞಾನಿಗಳ ಹಣೆಬರಹವೇ ಅಷ್ಟು.

ಫಕೀರವ್ವನ ಜೀವ ಮಾತ್ರ ಬಾಯಿಗೆ ಬಂದಿತ್ತು. ಇನ್ನು ಇಪ್ಪತ್ತು ದಿನಕ್ಕೆ ಆಹಾರ ತಪಾಸಣಾಧಿಕಾರಿ ಬರುವವರಿದ್ದರು. 2071ರ ಹೊಸ ಕಾನೂನಿನಂತೆ ಅಡುಗೆಮನೆಯಲ್ಲಿ ಮೂರನೆಯ ಸಲ ಜಿರಲೆ ಕಂಡರೆ ಪರವಾನಗಿ ರದ್ದು. ಎರಡು ಸಲ ಆಗಲೇ ಕಂಡಿದ್ದವು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ರೊಟ್ಟಿ ಬಡಿದು ನಿಲ್ಲಿಸಿದ ಖಾನಾವಳಿ ಒಂದು ಹುಳದ ದೆಸೆಯಿಂದ ಬಾಗಿಲು ಹಾಕುವುದೆಂದರೆ ಅವಳ ಹೊಟ್ಟೆ ಉರಿಯುತ್ತಿತ್ತು.

"ದಿನಾ ಎರಡ ಸಲ ನೆಲ ತೊಳೀತೇನ್ರಿ ಬಾಯಾರ. ಒಂದ ಅಗಳ ಹೊರಗ ಬಿಡಂಗಿಲ್ಲ. ಈ ಹಲ್ಕಾ ಜಿರಲಿ ಯಾಕ ಬರ್ತಾವು?"

"ಕೂಳಿಲ್ಲದ ಅವು ತಿಂಗಳ ತಳ್ತಾವು ಅಕ್ಕಾರ. ನೀರಿಲ್ಲದ ಒಂದೆರಡ ವಾರ, ಅಷ್ಟ. ನೀವು ಊಟ ಮುಚ್ಚಿಟ್ಟು ನೀರ ತೆರೆದಿಟ್ಟೀರಿ," ಎಂದರು ಹಲ್ಲಿಯೊಡನೆ ತಾವೇ ಬಂದಿದ್ದ ನಾಗರತ್ನಾ.

ಹಲ್ಲಿ ತೋರಿಸಿದ್ದೂ ಅದನ್ನೇ. ಮೂಲೆಯಲ್ಲಿ ಮುದ್ದೆಯಾಗಿ ಬಿದ್ದ ಒದ್ದೆ ಅರಿವೆ, ನೀರಿನ ಕೊಡದ ತಳ, ಪಾತ್ರೆ ತೊಳೆಯುವ ಕಟ್ಟೆಯ ಬಿರುಕು. ಫಕೀರವ್ವ ಅರಿವೆಯನ್ನು ಬಿಸಿಲಿಗೆ ಹಾಕಿದಳು, ಪಾತ್ರೆಗಳನ್ನು ಬೋರಲು ಹಾಕಿದಳು, ಕಟ್ಟೆಯನ್ನು ಒರೆಸಿ ಒಣಗಿಸಿ, ಬಿರುಕಿಗೆ ಸಿಮೆಂಟು ಮೆತ್ತಿದಳು. ನಾಲ್ಕು ದಿನದಲ್ಲಿ ಜಿರಲೆಗಳು ಅರ್ಧಕ್ಕರ್ಧ ಇಳಿದವು. ಉಳಿದರ್ಧ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇನ್ನು ನೋಡಲು ಉಳಿದದ್ದು ಪಕ್ಕದ ಮನೆಗೆ ಅಂಟಿದ ಪಡುವಣ ಗೋಡೆಯೊಂದೇ. ಗಂಡ ಸತ್ತ ವರ್ಷವೇ ಅವಳಿಗೂ ಮೈದುನನ ಹೆಂಡತಿ ಕಸ್ತೂರೆವ್ವನಿಗೂ ಮನೆ ಪಾಲಾಗಿತ್ತು. ಒಂದು ಗೇಣು ಹೆಚ್ಚುಕಡಿಮೆ ಆಗಬಾರದೆಂದು ಅಡುಗೆಮನೆಯ ಬಚ್ಚಲಿನ ನಟ್ಟನಡುವೆ ದಾರ ಹಿಡಿದಿದ್ದರು. ಕೆಳಗಿನ ಪೈಪನ್ನು ಸರಿಸೋಣವೆಂದು ಗೌಂಡಿ ಅಂಗಲಾಚಿದರೂ, ನನ್ನ ಪಾಲಿನ ಅರ್ಧ ಮುಟ್ಟಬೇಡ ಎಂದು ಇಬ್ಬರೂ ಹಟ ಹಿಡಿದರು. ಅವನು ಪೈಪಿನ ಮೇಲೆಯೇ ಗೋಡೆ ಎಬ್ಬಿಸಿ ಕೈ ತೊಳೆದುಕೊಂಡ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಗೋಡೆಯನ್ನು ಎರಡೂ ಕಡೆಯಿಂದ ನೋಡಬೇಕಾದ್ದರಿಂದ ನಾಗರತ್ನಾ ಕಸ್ತೂರೆವ್ವನನ್ನೂ ಕರೆಸಿದರು. ಅವಳು ಬಾಗಿಲಲ್ಲೇ ನಿಂತಳು. "ನಮ್ಮ ಕಡೆ ಒಂದ ಹನಿ ಸೋರಂಗಿಲ್ಲರಿ."

ಗೋಡೆಯ ಮೇಲಿದ್ದ ಹಲ್ಲಿ ಸುಮ್ಮನಿತ್ತು.

"ತಪ್ಪೆಲ್ಲಾ ಇಕೀದ," ಎಂದಳು ಫಕೀರವ್ವ. ಹಲ್ಲಿ ಆಗಲೂ ಸುಮ್ಮನೆ ಮುಂದಕ್ಕೆ ಹೋಯಿತು. ಅವಳಿಗೆ ಇರಿಸುಮುರಿಸಾಯಿತು. "ಆತು, ಗೌಂಡಿ ಹೇಳಿದಾಗ ನಾವಿಬ್ಬರೂ ಕೇಳಲಿಲ್ಲ."

ಲೊಚ್ ಲೊಚ್.

ಇಬ್ಬರೂ ಒಟ್ಟಿಗೆ ಬಗ್ಗಿ ಬೆರಳಿನಿಂದ ನೆಲ ತಟ್ಟಿದರು. ಹಲ್ಲಿ ನುಡಿದ ಮೇಲೆ ಮಾತು ಖರೇ ಎಂದು ಹುಟ್ಟಿದಾಗಿನಿಂದ ನಂಬಿದವರು.

"ಅದು ಕೀಲಿನ ಸದ್ದರೀ! ಪೈಪು ಸಿಕ್ತು, ಅಷ್ಟ!" ಎಂದು ನಾಗರತ್ನಾ ಕೂಗಿಕೊಂಡರು. ಕೇಳುವವರು ಯಾರು?

ಕಸ್ತೂರೆವ್ವ ಒಳಗೆ ಬಂದಿದ್ದಳು. "ಅಕ್ಕಾ, ಭಾವಾರು ಹೋದ ವರ್ಷಾನ ನಾ ಪಾಲು ಕೇಳಬಾರದಿತ್ತು."

ಲೊಚ್ ಲೊಚ್.

ಫಕೀರವ್ವನಿಗೆ ದುಃಖ ಒತ್ತರಿಸಿ ಬಂತು. ಇಪ್ಪತ್ತು ವರ್ಷ ಈ ಒಂದು ಮಾತಿಗೆ ಕಾದಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ವಾರಗಿತ್ತಿಯ ಕೈ ಹಿಡಿದುಕೊಂಡು ಮನಸಾರೆ ಅತ್ತಳು. ನಾಗರತ್ನಾ ಏನು ಮಾಡುವುದೆಂದು ತೋಚದೆ ತಮ್ಮ ಪುಸ್ತಕದಲ್ಲಿ ಪಸೆಯ ಪ್ರಮಾಣ ಬರೆದುಕೊಂಡರು.

ಮರುದಿನ ಗೋಡೆ ಒಡೆಸಿದಾಗ ಕೊಳೆತ ಪೈಪಿನ ಸುತ್ತ ಜಿರಲೆಗಳ ಸಂಸಾರವೇ ಹೊರಬಿತ್ತು. ಹೊಸ ಪೈಪು ಬಂತು, ಸಂದುಗಳು ಮುಚ್ಚಿದವು, ಗಾಳಿ ಆಡಿತು. ನೀರು ಸಿಗದ ಹುಳಗಳು ಎರಡು ವಾರದಲ್ಲಿ ನಿರ್ನಾಮವಾದವು.

ಅಧಿಕಾರಿ ಬ್ಯಾಟರಿ ಹಿಡಿದು ಮೂಲೆಮೂಲೆ ಜಾಲಾಡಿದರು. ಒಂದು ಮೀಸೆಯೂ ಕಾಣಲಿಲ್ಲ. ಒಡೆದ ಗೋಡೆಯ ಮುಂದೆ ಮಾತ್ರ ನಿಂತುಬಿಟ್ಟರು. ಆಚೆ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು.

"ಇದನ್ಯಾಕ ಮುಚ್ಚಿಲ್ಲ? ಹಿಂಗಿದ್ರ ಎರಡೂ ಸೇರಿ ಒಂದ ಅಡಗಿಮನಿ ಆಗ್ತೈತಿ. ಪರವಾನಗಿ ಯಾರ ಹೆಸರಿಗೆ ಬರೀಲಿ?"

"ಇಬ್ಬರದೂ ಬರೀರಿ ಸಾಹೇಬ್ರ," ಎಂದಳು ಫಕೀರವ್ವ. "ಆಕೀ ಹೆಸರ ಮೊದಲ ಹಾಕ್ರಿ. ಆಕಿ ರೊಟ್ಟಿ ನನ್ನಕಿಂತ ತೆಳ್ಳಗ ಆಗ್ತಾವು."

ಆಚೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.