ಅವರು ನೋಡದ ಸ್ಲೈಡ್

"ಈ ರಕ್ತ ಯಾರದ್ದು?"

ಲ್ಯಾಬಿನ ಬಾಗಿಲಲ್ಲಿ ನಿಂತು ಹೊಸ ಡಾಕ್ಟರು ಗುಡುಗಿದರು. ಅವರು ಆಸ್ಪತ್ರೆಗೆ ಸೇರಿ ಅವತ್ತಿಗೆ ಮೂರನೇ ದಿನ. ಲ್ಯಾಬಿನ ರಿಪೋರ್ಟುಗಳಿಗೆಲ್ಲ ಸಹಿ ಹಾಕುವುದು, ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ನೋಡಿ ಕಾಯಿಲೆ ಯಾವುದೆಂದು ಹೇಳುವುದು ಅವರ ಕೆಲಸ.

"ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ ಕಡೆ ಐದು ಪಾಯಿಂಟ್ ಎಂಟು! ಈ ಹೆಂಗಸು ಎದ್ದು ಓಡಾಡ್ತಿದ್ರೆ ಅದೇ ದೊಡ್ಡದು. ಫೋನ್ ಮಾಡಿದ್ರೆ ಆ ನಂಬರೇ ಇಲ್ಲ. ಸ್ಯಾಂಪಲ್ ತಗೊಂಡಿದ್ದು ಯಾರು?"

ಎಲ್ಲರೂ ಸೂಜಿ ಮೇಡಂ ಕಡೆ ನೋಡಿದರು. ಚುಚ್ಚಿದ್ದೇ ಗೊತ್ತಾಗದಂತೆ ರಕ್ತ ತೆಗೆಯುವ ಕೈ ಅವಳದು, ಅದಕ್ಕೇ ಆ ಅಡ್ಡಹೆಸರು. ವಯಸ್ಸು ನಲವತ್ತೇಳು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿ ಕೇಳಿ ನೆಂಟರಿಗೇ ಸಾಕಾಗಿದೆ.

"ನಾನೇ ಸರ್. ಮೆಷಿನ್ ತಪ್ಪು ತೋರಿಸಿರಬೇಕು..."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಡಾಕ್ಟರು ಅವಳ ಉಗುರು ನೋಡಿದರು, ತುಟಿ ನೋಡಿದರು. ಎರಡರಲ್ಲೂ ಬಣ್ಣವೇ ಇರಲಿಲ್ಲ.

"ಎಲ್ಲರೂ ಸ್ವಲ್ಪ ಹೊರಗೆ ಹೋಗ್ತೀರಾ?"

ಬಾಗಿಲು ಮುಚ್ಚಿತು.

"ಇದು ನಿಮ್ಮದೇ ರಕ್ತ ಅಲ್ವಾ?" ಈಗ ಧ್ವನಿ ತಗ್ಗಿತ್ತು.

'ಮುಗೀತು. ಸುಳ್ಳು ಹೆಸರು ಬರೆದು ಆಸ್ಪತ್ರೆ ಮೆಷಿನ್‌ನಲ್ಲಿ ಸ್ವಂತ ರಕ್ತ ನೋಡ್ಕೊಂಡಿದ್ದೀನಿ. ಇವತ್ತಿಗೆ ಕೆಲಸ ಹೋಯ್ತು...'

"ತೆಗೆದುಹಾಕೋದಾದ್ರೆ ಹಾಕಿ ಸರ್. ಬೈಬೇಡಿ. ಬೈಸಿಕೊಳ್ಳೋ ಶಕ್ತಿನೂ ಇಲ್ಲ ನನಗೆ."

"ಅಯ್ಯೋ, ಮೊದಲು ಕೂತ್ಕೊಳ್ರೀ!"

ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ಕೂತವಳು ಅತ್ತುಬಿಟ್ಟಳು.

ಒಂಬತ್ತು ತಿಂಗಳಿಂದ ಅವಳ ಮುಟ್ಟು ದಾರಿ ತಪ್ಪಿತ್ತು. ಒಂದು ಸಲ ಎರಡು ತಿಂಗಳು ಪತ್ತೆಯೇ ಇಲ್ಲ. ಬಂದರೆ ಇಪ್ಪತ್ತು ದಿನ ನಿಲ್ಲುವುದಿಲ್ಲ, ಗಂಟೆಗೊಂದು ಪ್ಯಾಡ್. ಇದ್ದಕ್ಕಿದ್ದಂತೆ ಮೈಯೆಲ್ಲ ಉರಿ, ಬೆವರು. ಬಸ್ಸಿನಲ್ಲಿ ಸೀಟಿದ್ದರೂ ಕೂರುತ್ತಿರಲಿಲ್ಲ, ಎದ್ದಾಗ ಹಿಂದಿನವರಿಗೆ ಏನು ಕಾಣುತ್ತದೋ ಎಂಬ ಹೆದರಿಕೆ.

ನಾಲ್ಕು ಸಲ ಲೇಡಿ ಡಾಕ್ಟರ ಹತ್ತಿರ ಹೋಗಿದ್ದಳು. ನಾಲ್ಕು ಸಲವೂ ಅದೇ ಮಾತು. "ಮುಟ್ಟು ನಿಲ್ಲೋ ವಯಸ್ಸಮ್ಮಾ. ಎಲ್ಲರಿಗೂ ಆಗೋದೇ."

ವಯಸ್ಸಂತೆ ವಯಸ್ಸು! ಆ ಒಂದು ಮಾತು ಹೇಳಿ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿದ್ದಾರೋ ದೇವರಿಗೇ ಗೊತ್ತು.

ಮನೆಗೆ ಬಂದರೆ ಅತ್ತಿಗೆಯದು ಇನ್ನೊಂದು ರಾಗ. "ನಮ್ಮಮ್ಮಂಗೂ ಹೀಗೇ ಆಗಿತ್ತು. ಸುಮ್ನಿದ್ರು, ನಿಂತೋಯ್ತು. ನೀನೊಬ್ಳೇ ರಾದ್ಧಾಂತ ಮಾಡ್ತೀಯ ನೋಡು." ಅಣ್ಣನಂತೂ ಈ ವಿಷಯ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದ.

"ಅದಕ್ಕೇ ಪರೀಕ್ಷೆ ಮಾಡ್ಕೊಂಡೆ ಸರ್," ಅವಳು ಕಣ್ಣೊರೆಸಿಕೊಂಡಳು. "ನನ್ನ ಮಾತಂತೂ ನಂಬಲ್ಲ, ಕಾಗದನಾದ್ರೂ ನಂಬ್ಲಿ ಅಂತ."

ಡಾಕ್ಟರು ಎದ್ದೇಬಿಟ್ಟರು. "ನಡೀರಿ, ಅವರಿಗೆ ನಾನೇ ಹೇಳ್ತೀನಿ."

"ಬೇಡ. ನೀವು ಹೇಳಿದ್ರೆ ನಿಮ್ಮ ಮಾತು ಕೇಳ್ತಾರೆ, ನನ್ನ ಮಾತಲ್ಲ. ನಾಳೆ ನನ್ನಂಥವಳು ಇನ್ನೊಬ್ಬಳು ಬರ್ತಾಳೆ, ಅವಳ ಜೊತೆ ಯಾವ ಡಾಕ್ಟರೂ ಬರಲ್ಲ."

ಅವರು ಅವಳನ್ನೇ ನೋಡಿದರು. "ಸರಿ. ಬಾಗಿಲ ಹೊರಗೆ ಕೂತಿರ್ತೀನಿ. ತಲೆ ಸುತ್ತಿ ಬಿದ್ರೆ ಎತ್ತೋಕಾದ್ರೂ ಒಬ್ಬರು ಬೇಕಲ್ಲ."

ಹೊಸ ಡಾಕ್ಟರು ಹೆಸರು ತಿದ್ದಿ ಕೊಟ್ಟ ರಿಪೋರ್ಟ್ ನೋಡಿ ಲೇಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ರಕ್ತ ಕಡಿಮೆ ಆಗಿದೆ. ರಕ್ತ ಹಾಕೋಣ, ಕಬ್ಬಿಣದ ಮಾತ್ರೆ ಬರೀತೀನಿ. ಉಳಿದಿದ್ದು ತಾನಾಗೇ ಸರಿಹೋಗುತ್ತೆ. ಮುಂದಿನವರನ್ನ ಕಳಿಸಿ."

ಅವಳು ಏಳಲಿಲ್ಲ.

"ರಕ್ತ ಯಾಕೆ ಹೋಗ್ತಿದೆ ಅಂತ ನೋಡೋವರೆಗೂ ಏಳಲ್ಲ ಮೇಡಂ. ಸ್ಕ್ಯಾನಿಂಗ್ ಬರೀರಿ. ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿ."

"ಎಲ್ಲ ನೀವೇ ಹೇಳೋದಾದ್ರೆ ನಾನ್ಯಾಕೆ ಇಲ್ಲಿ ಕೂತಿರೋದು?"

"ಕೇಳೋಕೆ!" ಅವಳು ತನ್ನ ಚೀಟಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. "ನಾಲ್ಕು ಸಲ ಬಂದೆ. ಒಂದು ಸಲನೂ ನೀವು ಮುಟ್ಟಿ ನೋಡಲಿಲ್ಲ. ಬೇಡ ಅನ್ನೋದಾದ್ರೆ, 'ಇವರು ಕೇಳಿದ್ರು, ನಾನು ಬೇಡ ಅಂದೆ' ಅಂತ ನನ್ನ ಚೀಟಿಯಲ್ಲೇ ಬರೆದು ಸಹಿ ಹಾಕಿ ಕೊಡಿ. ತಗೊಂಡು ಹೋಗ್ತೀನಿ."

ಡಾಕ್ಟರಮ್ಮನ ಪೆನ್ನು ಎರಡು ಸಲ ಕಾಗದದ ಹತ್ತಿರ ಬಂದು ಹಿಂದಕ್ಕೆ ಹೋಯಿತು. ಕೊನೆಗೆ ಸ್ಕ್ಯಾನಿಂಗ್ ಬರೆದರು. ಬಯಾಪ್ಸಿಯನ್ನೂ ಬರೆದರು.

ವಾರ್ಡಿನಲ್ಲಿ ಮಲಗಿಸಿ ಅವಳಿಗೆ ರಕ್ತ ಹಾಕಿದರು, ಸ್ಕ್ಯಾನಿಂಗ್ ಮಾಡಿ ಬಯಾಪ್ಸಿಗೆ ಚೂರು ತೆಗೆದರು. ಅವಳು ವಾರ್ಡಿನಲ್ಲಿದ್ದಷ್ಟು ದಿನವೂ ಸಂಜೆ ನಾಲ್ಕಕ್ಕೆ ಹೊಸ ಡಾಕ್ಟರು ಬಂದು, ಸ್ಟೂಲಿನ ಮೇಲೆ ಕೂತು ಪೇಪರಿನ ನಗೆಹನಿ ಓದುತ್ತಿದ್ದರು. ಅವರು ಓದುವ ಚೆಂದಕ್ಕೆ ನಗೆಹನಿಯೂ ಸಾವಿನ ಸುದ್ದಿಯಂತೆ ಕೇಳುತ್ತಿತ್ತು.

"ಸರ್, ನಿಮಗೆ ಕೈ ಮುಗೀತೀನಿ, ನಿಲ್ಸಿ. ಪಕ್ಕದ ಮಂಚದವರು ಕಣ್ಣೊರೆಸ್ಕೊಳ್ತಿದ್ದಾರೆ."

ಅವರು ಜೋರಾಗಿ ನಕ್ಕರು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತೆಂದು ಅವತ್ತೇ ಹೇಳಿದರು. ಹೇಗೆ ಎಂದು ಅವಳು ಕೇಳಲಿಲ್ಲ.

'ಈ ವಯಸ್ಸಲ್ಲಿ, ಈ ಸ್ಥಿತೀಲಿ, ಮನಸ್ಸು ಹೀಗೆ ಕುಣಿಯೋದಾ? ಥೂ, ನಾಚಿಕೆ ಆಗ್ಬೇಕು ನಿಂಗೆ...' ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ನಾಲ್ಕು ಗಂಟೆಯಾದರೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಅವಳು ಮತ್ತೆ ಕೆಲಸಕ್ಕೆ ಬಂದ ದಿನವೇ ಅವಳ ಬಯಾಪ್ಸಿಯ ಸ್ಲೈಡ್ ಡಾಕ್ಟರ ಮೇಜಿಗೆ ಬಂತು. ಗಾಜಿನ ಗೋಡೆಯಾಚೆಯಿಂದ ಅವಳು ನೋಡುತ್ತಿದ್ದಳು. ಅವರು ಸ್ಲೈಡ್ ಕೈಗೆತ್ತಿಕೊಂಡು ಅದರ ಮೇಲಿನ ಹೆಸರು ಓದಿದರು. ಮುಖ ಬಿಳುಚಿತು. ಮೈಕ್ರೋಸ್ಕೋಪಿನ ದೀಪ ಆರಿಸಿ, ಸ್ಲೈಡನ್ನು ಡಬ್ಬಿಗೆ ಹಾಕಿ, ಬ್ಯಾಗ್ ಹೆಗಲಿಗೇರಿಸಿ ಹೊರಟರು. ಅವಳ ಪಕ್ಕದಲ್ಲೇ ಹಾದುಹೋದರೂ ತಲೆ ಎತ್ತಲಿಲ್ಲ.

ಮೂರು ದಿನ ಬರಲಿಲ್ಲ. ಫೋನೂ ಎತ್ತಲಿಲ್ಲ.

'ಹೆಸರು ನೋಡಿದ್ದೇ ತಡ, ಎದ್ದು ಹೋದ್ರಲ್ಲ! ನಾನೇ ಹುಚ್ಚಿ. ಕಾಯಿಲೆಯವಳ ಸಹವಾಸ ಯಾರಿಗೆ ಬೇಕು...'

ನಾಲ್ಕನೇ ದಿನ ಮಧ್ಯಾಹ್ನ, ಲ್ಯಾಬಿನಲ್ಲಿ ಅವಳೊಬ್ಬಳೇ ಇದ್ದಾಗ ಅವರು ಬಂದರು. ಗಡ್ಡ ಬೆಳೆದಿತ್ತು. ಕೈಯಲ್ಲಿ ಲಕೋಟೆ ಇತ್ತು.

ಅವಳು ಅದನ್ನು ಕಿತ್ತುಕೊಂಡು ಹರಿದು ಓದಿದಳು. ಕ್ಯಾನ್ಸರ್. ಗರ್ಭಕೋಶದ ಒಳಪದರದಲ್ಲಿ. ಕೆಳಗಿದ್ದ ಸಹಿ ಅವರದಲ್ಲ, ಬೇರೆ ಯಾರದೋ.

"ಬೇಗ ಸಿಕ್ಕಿದೆ," ಎಂದರು ಡಾಕ್ಟರು. "ಸ್ಕ್ಯಾನಿಂಗ್ ಪ್ರಕಾರ ಇನ್ನೂ ಆಳಕ್ಕೆ ಇಳಿದಿಲ್ಲ. ಗರ್ಭಕೋಶ ತೆಗೀಬೇಕು. ಅವತ್ತು ನೀವು ಹಟ ಹಿಡಿದು ಕೂರದೇ ಇದ್ದಿದ್ರೆ..."

"ಈ ಸಹಿ ಯಾರದ್ದು? ಊರವರ ಸ್ಲೈಡೆಲ್ಲ ನೋಡ್ತೀರಿ, ನನ್ನದನ್ನ ಮಾತ್ರ ಯಾಕೆ ನೋಡಲಿಲ್ಲ? ಅಷ್ಟು ಬೇಡವಾದ್ನಾ ನಾನು?"

ಅವರು ಕುಸಿದು ಕೂತರು.

"ನನ್ನ ಹೆಂಡತಿ ಸ್ಲೈಡ್ ನಾನೇ ನೋಡಿದ್ದೆ. ಏನೂ ಇಲ್ಲ ಅಂತ ಬರೆದೆ. ಏನೂ ಇರಬಾರದು ಅಂತ ಮನಸ್ಸು ಹೇಳ್ತಿತ್ತು, ಕಣ್ಣು ಅದಕ್ಕೆ ಹೂಂ ಅಂತು. ಕಾಯಿಲೆ ಅಲ್ಲೇ ಇತ್ತು... ಒಂದು ಮೂಲೇಲಿ, ಇಷ್ಟೇ ಇಷ್ಟು. ಐದು ತಿಂಗಳಾದ್ಮೇಲೆ ನಮ್ಮ ಗುರುಗಳು ತೋರಿಸಿದ್ರು. ಅಷ್ಟೊತ್ತಿಗೆ ಕೈ ಮೀರಿತ್ತು."

ಅವಳು ಇನ್ನೊಂದು ಕುರ್ಚಿ ಎಳೆದು ಅವರ ಎದುರಿಗೆ ಕೂತಳು.

"ಅವತ್ತಿಂದ ನಮ್ಮವರ ಸ್ಲೈಡ್ ನಾನು ನೋಡಲ್ಲ. ನಿಮ್ಮ ಹೆಸರು ಓದಿದೆ, ಮೈಕ್ರೋಸ್ಕೋಪಿನ ಕೆಳಗೆ ಇಡೋಕೇ ಆಗಲಿಲ್ಲ. ನೀವು ನನಗೆ ಯಾರು ಅಂತ ಆಗಲೇ ಗೊತ್ತಾಗಿದ್ದು. ಸ್ಲೈಡ್ ತಗೊಂಡು ಬಸ್ ಹತ್ತಿ ಗುರುಗಳ ಹತ್ರ ಹೋದೆ, ರಿಪೋರ್ಟ್ ಕೈಗೆ ಬರೋವರೆಗೂ ಅಲ್ಲೇ ಇದ್ದೆ. ಫೋನ್ ಎತ್ತಿದ್ರೆ ಸುಳ್ಳು ಸಮಾಧಾನ ಹೇಳಿಬಿಡ್ತೀನೇನೋ ಅಂತ ಭಯ... ತಪ್ಪಾಯ್ತು."

ಕ್ಯಾನ್ಸರ್ ಎಂಬ ಪದ ಇನ್ನೂ ಅವಳ ಕೈಯಲ್ಲಿತ್ತು. ಒಂಬತ್ತು ತಿಂಗಳಲ್ಲಿ ಮೊದಲ ಸಲ, ಅವಳಿಗೆ ಏನೋ ಆಗಿದೆ ಎಂದು ಇನ್ನೊಬ್ಬರು ಹೆದರಿದ್ದರು.

"ನನಗೆ ತುಂಬಾ ಭಯ ಆಗ್ತಿದೆ," ಎಂದಳು.

"ನನಗೂ."

ಅವರು ಕೈ ಚಾಚಿದರು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಆಪರೇಷನ್ ಆದ್ಮೇಲೆ ಇನ್ನಷ್ಟು ಸ್ಲೈಡ್ ಬರುತ್ತೆ. ಅದನ್ನೂ ನೋಡ್ಬೇಡಿ."

"ನೋಡಲ್ಲ."

"ಅದಾದ್ಮೇಲೂ ನೋಡ್ಬೇಡಿ. ನಾನು ಬದುಕಿರೋವರೆಗೂ ನನ್ನದು ಯಾವುದನ್ನೂ ನೋಡ್ಬೇಡಿ."

ಅವಳು ಏನು ಹೇಳುತ್ತಿದ್ದಾಳೆಂದು ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಣ್ಣು ತುಂಬಿ ಬಂತು.

"ಯಾವತ್ತೂ ನೋಡಲ್ಲ," ಎಂದರು.