ಎಡಸಾಲಿನ ಕೊನೆಯ ಜಾಗ

ಚರ್ಚಿನಲ್ಲಿ ಹಾಡುವ ತಂಡವನ್ನೂ ಕಾಯರ್ ಎನ್ನುತ್ತಾರೆ, ಬಲಿಪೀಠದ ಮುಂದೆ ಆ ತಂಡ ಕೂರುವ ಜಾಗವನ್ನೂ ಕಾಯರ್ ಎನ್ನುತ್ತಾರೆ. ನಮ್ಮಲ್ಲಿ ಅಲ್ಲಿ ಎರಡು ಸಾಲು ಬೆಂಚುಗಳು ಎದುರುಬದುರಾಗಿವೆ. ಬಲಸಾಲು ಹಾಡಿದ್ದಕ್ಕೆ ಎಡಸಾಲು ಉತ್ತರವಾಗಿ ಹಾಡಬೇಕು. ಮರುದಿನ ನನ್ನ ತಂಗಿಯ ಮದುವೆ, ಹಾಡಿಸುವವನು ನಾನು. ಆ ಮಧ್ಯಾಹ್ನದ ಅಭ್ಯಾಸದುದ್ದಕ್ಕೂ ಎಡಸಾಲಿನ ಒಂದು ದನಿ, ಎಲ್ಲರೂ ನಿಲ್ಲಿಸಿದ ಮೇಲೂ ಕೊನೆಯ ಅಕ್ಷರವನ್ನು ಎಳೆಯುತ್ತಲೇ ಇತ್ತು.

“ಯಾರ್ರೀ ಅದು, ಎತ್ತಿನ ಗಾಡಿ ಹೊಡೀತಿರೋದು?” ಎಂದು ರೇಗಿದೆ.

“ನಾನಲ್ಲಪ್ಪ. ನನಗೆ ಅಷ್ಟುದ್ದ ಉಸಿರೆಲ್ಲಿದೆ?” ಎಂದರು ದೊಡ್ಡಮ್ಮ. ಎಲ್ಲರೂ ನಕ್ಕರು.

ನನಗೆ ತಲೆ ಕೆಟ್ಟುಹೋಯಿತು. ಎಡಸಾಲಿನವರನ್ನೆಲ್ಲ ಅಂಗಳಕ್ಕೆ ಕಳಿಸಿ, ಬಲಸಾಲಿನವರಿಂದ ಮಾತ್ರ ಹಾಡಿಸಿದೆ. ಅವರು ನಿಲ್ಲಿಸಿದ ಕೂಡಲೇ ಎದುರಿನ ಖಾಲಿ ಬೆಂಚಿನಿಂದ ಉತ್ತರ ಬಂತು, ಅದೇ ಎಳೆತದೊಂದಿಗೆ.

ದೊಡ್ಡಮ್ಮ ಬಾಗಿಲಲ್ಲಿ ಇಣುಕಿದರು. “ನಮ್ಮನ್ನ ಆಚೆ ಅಟ್ಟಿ ಯಾರನ್ನೋ ಕರೆಸಿದೆ? ಅವರೂ ಎಳೀತಾರಲ್ಲ!”

ನಾನು ಆ ಬೆಂಚನ್ನು ಉದ್ದಕ್ಕೂ ಮುಟ್ಟಿ ನೋಡಿದೆ. ಜನ ಎದ್ದುಹೋದ ಜಾಗವೆಲ್ಲ ಆಗಲೇ ತಣ್ಣಗಾಗಿತ್ತು. ಹಲಗೆ ಸೀಳಿದೆಯೆಂದು ಯಾರೂ ಕೂರದ ಕೊನೆಯ ಜಾಗ ಮಾತ್ರ ಬೆಚ್ಚಗಿತ್ತು.

ಮದುವೆಯಲ್ಲೂ ನಾವು ಹಾಡಿ ನಿಲ್ಲಿಸಿದೆವು. ನಾನು ಹಲ್ಲು ಕಚ್ಚಿ ನಿಂತಿದ್ದೆ. ವಯಸ್ಸಾದ ಪಾದ್ರಿಗಳು ಮಾತ್ರ ಆ ದನಿ ಮುಗಿಯುವವರೆಗೆ ತಲೆತಗ್ಗಿಸಿ ಕಾದು, ಆಮೇಲೆ ಪ್ರಾರ್ಥನೆ ಶುರುಮಾಡಿದರು.