ಮೊದಲ ಬೋರ್ಡಿನ ಕಳವು

ಕಂಪನಿಯ ಮೊದಲ ಸರ್ಕ್ಯೂಟ್ ಬೋರ್ಡು ಮಾಡಿದವನೆಂದು ಫಲಕದ ಮೇಲೆ ಒಂದೇ ಹೆಸರಿತ್ತು, ಅದು ಇವನದಲ್ಲ, ಮ್ಯಾನೇಜರನದು. ಸೋಮವಾರ ಕಂಪನಿಯನ್ನು ಕೊಳ್ಳುವವರು ಬಂದಾಗ ಮ್ಯಾನೇಜರು ಆ ಹಿತ್ತಾಳೆ ಫಲಕದ ಪಕ್ಕ ನಿಂತು, ಮೊದಲ ಬೋರ್ಡನ್ನು ಅವರ ಕೈಗೆ ಒಪ್ಪಿಸುವವನಿದ್ದ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಆ ಬೋರ್ಡಿಗೆ ಹದಿನಾಲ್ಕು ವರ್ಷದ ಹಿಂದೆ ಬೆಸುಗೆ ಹಾಕಿದವನು ಇವನು. ಅದರೊಳಗೆ ಓಡುವ ಪುಟಾಣಿ ಆಪರೇಟಿಂಗ್ ಸಿಸ್ಟಮ್ಮನ್ನು ಸಾಲುಸಾಲಾಗಿ ಬರೆದವನೂ ಇವನೇ. ಆಗ ಇವನಿಗೂ ಮ್ಯಾನೇಜರನಿಗೂ ಸೇರಿ ಒಂದೇ ಮೇಜು. ಇವನು ಬರೆಯುತ್ತಿದ್ದ, ಅವನು ಬಂದವರ ಹತ್ತಿರ ಮಾತಾಡುತ್ತಿದ್ದ. ಮಾತಾಡಿದವನು ಮಹಡಿ ಹತ್ತಿದ, ಬರೆದವನು ಅದೇ ಮೇಜಿನಲ್ಲಿ ಉಳಿದ.

"ಫಲಕದಲ್ಲಿ ಜಾಗ ಸಾಲ್ಲಿಲ್ಲ ಕಣೋ," ಎಂದಿದ್ದ ಮ್ಯಾನೇಜರು, ಇವನ ಹೆಗಲು ತಟ್ಟಿ. "ನೀನೂ ತುಂಬಾ ಹೆಲ್ಪ್ ಮಾಡಿದೀಯ. ನಂಗೊತ್ತಿಲ್ವಾ?"

ಹೆಲ್ಪ್! ಅಡುಗೆ ಮಾಡಿದವನಿಗೆ, ನೀನು ಉಪ್ಪು ಎತ್ತಿಕೊಟ್ಟೆ ಎಂದ ಹಾಗೆ. ಆ ದಿನ ಅವನಿಗೆ ಊಟ ಸೇರಲಿಲ್ಲ. ಊಟ ಬಿಟ್ಟದ್ದನ್ನು ಗಮನಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿಯ ಮನೆ ಅದು. ಅಂದೇ ಅವನು ನಿರ್ಧರಿಸಿದ: ಬೋರ್ಡು ತನ್ನ ಮನೆಗೆ ಬರಬೇಕು, ಕಳ್ಳ ಎಂಬ ಹೆಸರು ಮಹಡಿಗೆ ಹೋಗಬೇಕು.

ಬೋರ್ಡು ನೆಲಮಾಳಿಗೆಯ ಭದ್ರ ಕೋಣೆಯಲ್ಲಿತ್ತು. ಆ ಕೋಣೆಯ ಉಕ್ಕಿನ ಬಾಗಿಲನ್ನು ಕಾಯುತ್ತಿದ್ದುದು ಅವನು ಬರೆದ ಅದೇ ಸಿಸ್ಟಮ್. ಕಳ್ಳನಿಗೆ ಬೀಗ ಮಾಡಿದವನೇ ತಾನಾಗುವ ಭಾಗ್ಯ ಎಷ್ಟು ಸಲ ಸಿಗುತ್ತದೆ? ಆ ಸಿಸ್ಟಮ್ಮಿನಲ್ಲಿ ಒಂದು ಮುಖ್ಯ ಪ್ರೋಗ್ರಾಂ ಸದಾ ಎಚ್ಚರವಿರುತ್ತದೆ. ಅದು ದೊಡ್ಡ ಮನೆಯ ಯಜಮಾನನ ಹಾಗೆ, ತಾನಾಗಿ ಕಡ್ಡಿ ಎತ್ತಿ ಇಡುವುದಿಲ್ಲ. ಕಾರ್ಡ್ ಓದಲು ಒಂದು ಸಣ್ಣ ಪ್ರೋಗ್ರಾಮನ್ನು ಶುರು ಮಾಡುತ್ತದೆ, ಚಿಲಕ ಸರಿಸಲು ಇನ್ನೊಂದನ್ನು, ಯಾರು ಯಾವಾಗ ಬಂದರೆಂದು ದಾಖಲೆ ಬರೆಯಲು ಮತ್ತೊಂದನ್ನು. ಒಂದೊಂದನ್ನೂ ಶುರು ಮಾಡಿ, ಮುಗಿಯಿತೇ ಎಂದು ಕೇಳಿ, ಮುಗಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತದೆ.

ಅವನು ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಿದ. ಅದಕ್ಕೆ ನೆರಳು ಎಂದು ಹೆಸರಿಟ್ಟ. ಹೆಸರಿಲ್ಲದ ಒಂದು ಖಾಲಿ ಕಾರ್ಡ್ ತೋರಿಸಿದರೆ ಚಿಲಕ ಸರಿಯುತ್ತದೆ, ಆಮೇಲೆ ದಾಖಲೆ ಬರೆಯುವ ಕೆಲಸ ನೆರಳಿಗೆ. ನೆರಳು ಬರೆಯುವುದು ಮ್ಯಾನೇಜರನ ಕಾರ್ಡ್ ಸಂಖ್ಯೆಯನ್ನು.

ಒಂದೇ ಒಂದು ತೊಡಕಿತ್ತು. ನೆರಳು ಮುಗಿಯಿತೇ ಎಂದು ಯಜಮಾನ ಕೇಳುತ್ತ ನಿಂತರೆ ಅರ್ಧ ಸೆಕೆಂಡು ತಡವಾಗುತ್ತಿತ್ತು, ತಡವಾದದ್ದು ಕಾವಲಿನವನ ಪರದೆಯಲ್ಲಿ ಹಳದಿ ಗುರುತಾಗಿ ಕಾಣುತ್ತಿತ್ತು. ಅವನು ಆ ಕೇಳುವ ಸಾಲನ್ನೇ ಅಳಿಸಿದ. ಶುರು ಮಾಡು, ಬಿಟ್ಟುಬಿಡು, ಅಷ್ಟೇ. ಹಳದಿ ಗುರುತು ಮಾಯವಾಯಿತು. ಬಹಳ ದಿನಗಳ ಮೇಲೆ ಅವನಿಗೆ ತನ್ನ ಬಗ್ಗೆಯೇ ಮೆಚ್ಚುಗೆಯಾಯಿತು, ಹೇಳಿಕೊಳ್ಳಲು ಮಾತ್ರ ಯಾರೂ ಸಿಗಲಿಲ್ಲ.

ಮನೆಯಲ್ಲಿದ್ದ ಅಂಥದೇ ಇನ್ನೊಂದು ಬೋರ್ಡಿನಲ್ಲಿ ಅರವತ್ತು ಸಲ ಪರೀಕ್ಷಿಸಿದ. ಪ್ರತಿ ಸಲವೂ ಮುಗಿದೊಡನೆ ಸ್ವಿಚ್ ಆರಿಸುತ್ತಿದ್ದ. ಅಕ್ಕ ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದ ಅಭ್ಯಾಸ ಅದು. ಆಮೇಲೆ ನಿಜವಾದ ಬಾಗಿಲಿಗೆ ಹೋದ. ಹದಿನೇಳು ತಿಂಗಳಿಂದ ಒಂದು ಕ್ಷಣವೂ ನಿಲ್ಲದೆ ಓಡುತ್ತಿದ್ದ ಯಂತ್ರ ಅದು. ಅದನ್ನು ಆರಿಸದೆಯೇ ನೆರಳನ್ನು ಒಳಗೆ ಸೇರಿಸಿದ. ರಿಪೇರಿಯ ನೆಪದಲ್ಲಿ ಏಳು ದಿನ, ದಿನಕ್ಕೊಂದು ಸಲ, ಒಳಗೆ ಕಾಲಿಡದೆ ಬಾಗಿಲು ತೆರೆದು ನೋಡಿದ. ಏಳು ಸಲವೂ ದಾಖಲೆಯಲ್ಲಿ ಮ್ಯಾನೇಜರನೇ. ಆ ಏಳನ್ನೂ ಅಳಿಸಿ ಕೈ ತೊಳೆದುಕೊಂಡ.

ಶನಿವಾರದಿಂದ ರಜೆ. ಸೋಮವಾರದ ಭಾಷಣ ಬರೆಯಲು ಮ್ಯಾನೇಜರು ಒಬ್ಬನೇ ಮಹಡಿಯಲ್ಲಿ ಕೂರುತ್ತಾನೆಂದು ಇವನಿಗೆ ಗೊತ್ತಿತ್ತು. ಆರೋಪ ಬಿದ್ದರೆ ಅವನ ಪರ ಸಾಕ್ಷಿ ಹೇಳುವವರಿಲ್ಲ. ಉಳಿದದ್ದು ಅಕ್ಕ. ವಾರಕ್ಕೊಮ್ಮೆ ಫೋನ್ ಮಾಡುವ ಏಕೈಕ ಜೀವ ಅವಳು.

"ರಜಾ ಇದೆಯಲ್ಲೋ, ಬಂದು ಎರಡು ದಿನ ಇದ್ದು ಹೋಗು. ಊಟಕ್ಕೆ ಕಾಯ್ತಿರ್ತೀನಿ."

"ಕಾಯ್ಬೇಡ ಅಕ್ಕಾ. ಜ್ವರ. ಫೋನ್ ತೆಗೆಯಲ್ಲ, ಸೋಮವಾರದವರೆಗೂ ಮಲಗಿಬಿಡ್ತೀನಿ."

"ನಿನ್ನನ್ನ ಯಾರೂ ಕೇಳೋರಿಲ್ಲ ಅಂದ್ಕೊಂಡಿದೀಯಾ?" ಎಂದು ಗದರಿ ಅವಳು ಫೋನಿಟ್ಟಳು. ಶನಿವಾರ ಅವನು ಫೋನನ್ನು ದಿಂಬಿನಡಿ ಬಿಟ್ಟು ಹೊರಟ. ಅದು ಅವನು ಮನೆಯಲ್ಲೇ ಇದ್ದನೆಂದು ಹೇಳಬೇಕಿತ್ತು.

ಸಾಮಾನು ಇಳಿಸುವ ಹಿಂಬಾಗಿಲಿನ ಹಳೆಯ ಬೀಗದ ಕೈ ಅವನ ಹತ್ತಿರವಿತ್ತು. ಮಧ್ಯಾಹ್ನ ಒಂದೂವರೆಗೆ ನೆಲಮಾಳಿಗೆಗೆ ಇಳಿದ. ಖಾಲಿ ಕಾರ್ಡ್ ತೋರಿಸಿದ. ಹಸಿರು ದೀಪ ಹತ್ತಿತು, ಚಿಲಕ ಸರಿಯಿತು, ಅವನು ಒಳಗೆ ಹೋದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕಪಾಟಿನ ನಡುವಣ ಖಾನೆಯಲ್ಲಿ ಮರದ ಸಣ್ಣ ಪೆಟ್ಟಿಗೆ. ಅದನ್ನು ಎದೆಗೆ ಅವುಚಿಕೊಂಡಾಗ ಕಣ್ಣು ತುಂಬಿ ಬಂತು. "ನಡಿ, ಮನೆಗೆ ಹೋಗೋಣ," ಎಂದ ಅದಕ್ಕೆ.

ಹೊರಗೆ ಹೋಗಲು ಒಳಗಿನ ಯಂತ್ರಕ್ಕೆ ಕಾರ್ಡ್ ತೋರಿಸಿದ. ದೀಪ ಹತ್ತಲಿಲ್ಲ. ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ತೋರಿಸಿದ. ತನ್ನ ಸ್ವಂತ ಕಾರ್ಡನ್ನೂ ತೋರಿಸಿದ. ಯಂತ್ರ ಬದುಕಿಯೇ ಇತ್ತು, ಪರದೆಯಲ್ಲಿ ಗಡಿಯಾರ ಓಡುತ್ತಿತ್ತು, ಕಾರ್ಡನ್ನು ಮಾತ್ರ ಅದು ಓದಲೊಲ್ಲದು. ಗೋಡೆಯಲ್ಲಿ ಕೆಂಪು ಗುಂಡಿಯಿತ್ತು. ಬೆಂಕಿ ಬಿದ್ದಾಗ ಸಿಸ್ಟಮ್ಮನ್ನು ನಂಬಬಾರದೆಂದು ನೇರ ತಂತಿಯಲ್ಲಿ ಅದನ್ನು ಹಾಕಿಸಿದವನೂ ಅವನೇ. ಒತ್ತಿದರೆ ಬಾಗಿಲು ತೆರೆಯುತ್ತದೆ, ಸೈರನ್ ಕೂಗುತ್ತದೆ, ಕಾವಲಿನವನೂ ಮಹಡಿಯವನೂ ಓಡಿ ಬರುತ್ತಾರೆ. ಒತ್ತದಿದ್ದರೆ, ಸೋಮವಾರದವರೆಗೆ ಅವನನ್ನು ಯಾರೂ ಹುಡುಕುವುದಿಲ್ಲ. ಆ ಏರ್ಪಾಡನ್ನು ಅವನೇ ಅಚ್ಚುಕಟ್ಟಾಗಿ ಮಾಡಿ ಬಂದಿದ್ದ.

ನೆಲದ ಮೇಲೆ ಕೂತು ಪೆಟ್ಟಿಗೆಯ ಮುಚ್ಚಳ ತೆರೆದ. ಒಳಗೆ ಅಂಟಿಸಿದ ಚೀಟಿ ಹಳದಿಯಾಗಿತ್ತು, ಅಕ್ಷರ ಅವನದೇ, ಹದಿನಾಲ್ಕು ವರ್ಷ ಹಳೆಯದು: 'ಶುರು ಮಾಡಿದ ಪ್ರತಿಯೊಂದನ್ನೂ ಮುಗಿಯಿತೇ ಎಂದು ಕೇಳು. ಕೇಳದಿದ್ದರೆ ಮುಗಿದ ಮೇಲೂ ಅದರ ಸಾಲು ಸಿಸ್ಟಮ್ಮಿನ ಪಟ್ಟಿಯಿಂದ ಹೋಗುವುದಿಲ್ಲ. ಪಟ್ಟಿ ತುಂಬಿದರೆ ಹೊಸದೇನೂ ಶುರುವಾಗದು. ಇರುವುದು ಎಂಟೇ ಸಾಲು.' ಮನೆಯಲ್ಲಿ ಪ್ರತಿ ಸಲ ಸ್ವಿಚ್ ಆರಿಸಿದಾಗ ಪಟ್ಟಿ ಖಾಲಿಯಾಗುತ್ತಿತ್ತು. ಈ ಬಾಗಿಲನ್ನು ಯಾರೂ ಆರಿಸಿರಲಿಲ್ಲ. ಅವನು ಬೆರಳು ಮಡಿಸಿ ಎಣಿಸಿದ. ಏಳು ದಿನಕ್ಕೆ ಏಳು ನೆರಳು, ಇಂದಿನದು ಎಂಟನೆಯದು.